ಎಂಟು ಜನ, ಒಂದು ವ್ಯಾನ್, ಏಳು ದಿನದ ಕ್ಯಾನ್ಯನ್ ಟ್ರಿಪ್: ಫೋಟೋನೂ ಸಿಗ್ಬೇಕು, ಸ್ನೇಹಾನೂ ಉಳೀಬೇಕು ಅಂದ್ರೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಎಂಟು ಜನ ಫ್ರೆಂಡ್ಸ್ ಜುಲೈ ಕೊನೇ ವಾರ ಅಮೆರಿಕದ ಲಾಸ್ ವೇಗಸ್‌ಗೆ ಇಳಿದು, ಏಳು ದಿನದಲ್ಲಿ ಝಾಯನ್, ಬ್ರೈಸ್, ಪೇಜ್ ಊರಿನ ಹತ್ರ ಇರೋ ಆಂಟಿಲೋಪ್ ಕ್ಯಾನ್ಯನ್ ಮತ್ತೆ ಹಾರ್ಸ್‌ಶೂ ಬೆಂಡ್, ಮಾನ್ಯುಮೆಂಟ್ ವ್ಯಾಲಿ, ಮೋಆಬ್, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲ ಮುಗಿಸೋ ಪ್ಲಾನ್ ಹಾಕಿದ್ದೀವಿ. ಎಲ್ರಿಗೂ ಸೇರಿ ಒಂದೇ ದೊಡ್ಡ ವ್ಯಾನ್. ಮೂರು ಜನಕ್ಕೆ ಫೋಟೋ ಹುಚ್ಚು, ಉಳಿದೋರು ಸುಮ್ನೆ ನೋಡೋಕೆ ಬರೋರು. ಎರಡು ವರ್ಷದ ಹಿಂದೆ ಇದೇ ಗ್ಯಾಂಗ್ ಹೋಗಿದ್ವಿ, ನನ್ನ ಫೋಟೋ ಎಲ್ಲ ಸಪ್ಪೆ ಬಂತು, ಕಲ್ಲು ಕಂದು, ಆಕಾಶ ಬಿಳಿ. ಕೊನೇ ಎರಡು ದಿನ ಯಾರೂ ಯಾರ ಹತ್ರಾನೂ ಸರಿಯಾಗಿ ಮಾತಾಡ್ಲಿಲ್ಲ. ಈ ಸಲ ಹೊಸ ಕ್ಯಾಮೆರಾ ತಗೊಂಡ್ರೆ ಸರಿ ಹೋಗತ್ತಾ? ಇನ್ನೊಂದು, ನನ್ನ ಹೆಂಡತಿ ಫ್ಲ್ಯಾಶ್ ಫ್ಲಡ್ (ದಿಢೀರ್ ಪ್ರವಾಹ) ವಿಡಿಯೋ ನೋಡಿ ಹೆದರಿದಾಳೆ. ಫ್ರೆಂಡ್ ಒಬ್ಬ, ಬೆಳಗ್ಗೆ ಆಕಾಶ ಕ್ಲಿಯರ್ ಇದ್ರೆ ಏನೂ ಆಗಲ್ಲ ಅಂತಾನೆ. ನಿಜಾನಾ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದ್ಲೇ ಶುರು ಮಾಡ್ತೀನಿ, ಯಾಕಂದ್ರೆ ಫೋಟೋ ಕೆಟ್ರೆ ಇನ್ನೊಂದು ಸಲ ಹೋಗ್ಬಹುದು, ಇದು ಹಾಗಲ್ಲ. ನಿಮ್ಮ ಹೆಂಡತಿ ಹೆದರಿರೋದು ಸರಿಯಾಗೇ ಇದೆ, ನಿಮ್ಮ ಫ್ರೆಂಡ್ ಹೇಳಿದ್ದು ತಪ್ಪು.

1997ರ ಆಗಸ್ಟ್ 12ನೇ ತಾರೀಕು ಲೋವರ್ ಆಂಟಿಲೋಪ್ ಕ್ಯಾನ್ಯನ್ (ಆಂಟಿಲೋಪ್‌ನಲ್ಲಿ ಅಪ್ಪರ್, ಲೋವರ್ ಅಂತ ಬೇರೆ ಬೇರೆ ಭಾಗ ಇವೆ) ಒಳಗೆ ನೀರು ನುಗ್ಗಿ 11 ಜನ ಪ್ರವಾಸಿಗರು ತೀರಿಕೊಂಡ್ರು. ಅವರು ನಿಂತಿದ್ದ ಜಾಗದಲ್ಲಿ ಹೇಳ್ಕೊಳ್ಳೋವಂಥ ಮಳೆಯೇ ಇರ್ಲಿಲ್ಲ, ಮಳೆ ಸುರಿದಿದ್ದು ಮೈಲುಗಟ್ಟಲೆ ಆಚೆ, ಮೇಲ್ಗಡೆ. ಹಂಚಿನ ಮನೆ ಮಾಡಿನ ನೀರೆಲ್ಲ ಒಂದೇ ಪೈಪಿಗೆ ಬಂದು ಸುರಿಯತ್ತಲ್ಲ, ಅದೇ ಲೆಕ್ಕ. ಅಲ್ಲಿನ ನೆಲ ಬರೀ ಬಂಡೆ, ಗಿಡ ಮರ ಕಮ್ಮಿ, ಬಿದ್ದ ಮಳೆ ಇಂಗೋಕೆ ಜಾಗಾನೇ ಇಲ್ಲ, ಅಷ್ಟೂ ನೀರು ಹರ್ಕೊಂಡು ಬಂದು ಕೈ ಚಾಚಿದ್ರೆ ಎರಡೂ ಕಡೆ ಗೋಡೆ ಸಿಗೋ ಅಂಥ ಸೀಳಿಗೆ ಇಳಿಯತ್ತೆ. ಆ ಕ್ಯಾನ್ಯನ್ ಅಷ್ಟು ಚಂದ ಆಗಿರೋದೂ ಅದೇ ನೀರಿಂದ. ನೀವು ಫೋಟೋ ತೆಗೆಯೋಕೆ ಹೋಗ್ತಿರೋ ಆ ಅಲೆ ಅಲೆ ಗೋಡೆ ಇದೆಯಲ್ಲ, ಅದು ನೂರಾರು ಪ್ರವಾಹ ಉಜ್ಜಿ ಉಜ್ಜಿ ಮಾಡಿದ್ದು. 2015ರ ಸೆಪ್ಟೆಂಬರ್‌ನಲ್ಲಿ ಝಾಯನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲೂ ಹೀಗೇ ಆಗಿ ಒಂದೇ ಗ್ರೂಪಿನ ಏಳು ಜನ ಹೋದ್ರು.

ಆ ಭಾಗದಲ್ಲೂ ಒಂದು ಮಳೆಗಾಲ ಇದೆ, ಮಾನ್ಸೂನ್ ಅಂತಾನೇ ಕರೀತಾರೆ, ಲೆಕ್ಕಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 30, ಜೋರು ಜುಲೈ ಆಗಸ್ಟ್‌ನಲ್ಲಿ. ನಮ್ಮ ಮಳೆ ಹಾಗೆ ದಿನವಿಡೀ ಹಿಡ್ಕೊಂಡು ಹೊಡೆಯಲ್ಲ. ಬೆಳಗ್ಗೆ ಒಂದು ಚೂರೂ ಮೋಡ ಇರಲ್ಲ, ಹನ್ನೆರಡು ಗಂಟೆ ಹೊತ್ತಿಗೆ ದೂರದಲ್ಲಿ ಹತ್ತಿ ಉಂಡೆ ಥರ ಏಳತ್ತೆ, ಮೂರು ಗಂಟೆಗೆ ಎಲ್ಲೋ ಒಂದು ಕಡೆ ಕೊಡ ಬೋರಲು ಹಾಕಿದ ಹಾಗೆ ಸುರಿದು ಮುಗಿಯತ್ತೆ. ಅಂದ್ರೆ ಬೆಳಗಿನ ಕ್ಲಿಯರ್ ಆಕಾಶ ಯಾವ ಗ್ಯಾರಂಟೀನೂ ಕೊಡಲ್ಲ.

ಹಾಗಂತ ಟ್ರಿಪ್ಪೇ ಬೇಡ ಅಂತ ಹೇಳ್ತಿಲ್ಲ. ಅಮೆರಿಕದ ಹವಾಮಾನ ಇಲಾಖೆ ಝಾಯನ್, ಬ್ರೈಸ್ ಥರದ ಪಾರ್ಕ್‌ಗಳಿಗೆ ದಿನಾ ಫ್ಲ್ಯಾಶ್ ಫ್ಲಡ್ ಸಾಧ್ಯತೆ ಎಷ್ಟು ಅಂತ ನಾಲ್ಕು ಹಂತದಲ್ಲಿ ಹಾಕತ್ತೆ, ಬೆಳಗ್ಗೆ ಹೋಟೆಲ್ ಬಿಡೋ ಮುಂಚೆ ಅದನ್ನ ಓದಿ. ಮೊದಲನೇ ಹಂತ, ಅಂದ್ರೆ ನಿರೀಕ್ಷೆ ಇಲ್ಲ ಅಂತ ಇದ್ರೆ ಮಾತ್ರ ಝಾಯನ್‌ನ ನ್ಯಾರೋಸ್ ಥರದ ನದಿಯೊಳಗಿನ ನಡಿಗೆಗೆ ಇಳೀರಿ. ಎರಡನೇ ಹಂತ ಇದ್ರೂ ನಾನು ಕರ್ಕೊಂಡು ಹೋಗೋ ಗ್ರೂಪ್‌ನ ಇಳಿಸಲ್ಲ, ಎಷ್ಟೋ ಜನ ಮುಖ ಸಣ್ಣ ಮಾಡ್ಕೊಂಡಿದಾರೆ, ಪರ್ವಾಗಿಲ್ಲ. ನೀರೊಳಗೆ ಇರೋವಾಗ ತಿಳಿ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗೋದು, ಕಡ್ಡಿ ಎಲೆ ತೇಲಿ ಬರೋದು, ಮೇಲಿನಿಂದ ಗುಯ್ ಅಂತ ಸದ್ದು ಕೇಳೋದು, ಈ ಮೂರರಲ್ಲಿ ಒಂದಾದ್ರೂ ಕಾಣ್ಸಿದ್ರೆ ಟ್ರೈಪಾಡ್ ಮಡಚ್ತಾ ಕೂರ್ಬೇಡಿ, ಬಿಟ್ಟು ಎತ್ತರಕ್ಕೆ ಹತ್ತಿ. ಆಂಟಿಲೋಪ್‌ಗೆ ಬಂದ್ರೆ, ಅದು ನವಾಹೋ ಅನ್ನೋ ಮೂಲನಿವಾಸಿ ಜನರ ನೆಲ, ಅವರ ಗೈಡ್ ಇಲ್ದೆ ಒಳಗೇ ಬಿಡಲ್ಲ. ಗೈಡ್ ಟೂರ್ ಕ್ಯಾನ್ಸಲ್ ಅಂದ್ರೆ ಕ್ಯಾನ್ಸಲ್, ವಾದ ಮಾಡ್ಬೇಡಿ. ರಸ್ತೆ ಮೇಲೆ ನೀರು ಹರೀತಿದ್ರೂ ಅಷ್ಟೇ, ಒಂದು ಅಡಿ ನೀರು ಸಾಕು ಚಿಕ್ಕ ಕಾರನ್ನ ಎತ್ತಿಬಿಡೋಕೆ, ಎರಡು ಅಡಿ ಇದ್ರೆ ದೊಡ್ಡ ಗಾಡೀನೂ ತಡೆಯಲ್ಲ. ನೀರು ಇಳಿಯೋವರೆಗೂ ಕಾಯಿರಿ.

ಈಗ ಫೋಟೋ ವಿಷ್ಯ. ಹೊಸ ಕ್ಯಾಮೆರಾ ಬೇಡ, ಆ ದುಡ್ಡು ಬೇರೆ ಕಡೆ ಬೇಕಾಗತ್ತೆ, ಆಮೇಲೆ ಹೇಳ್ತೀನಿ. ನಿಮ್ಮ ಫೋಟೋ ಸಪ್ಪೆ ಆಗಿದ್ದಕ್ಕೆ ಕಾರಣ ನಾನು ನೋಡ್ದೇನೇ ಹೇಳ್ಬಲ್ಲೆ, ನೀವು ಜಾಗಕ್ಕೆ ತಲುಪಿದ್ದು ವ್ಯಾನ್ ತಲುಪಿಸಿದ ಹೊತ್ತಿಗೆ, ಆ ಜಾಗದ ಬೆಳಕಿನ ಹೊತ್ತಿಗಲ್ಲ. ಎಲ್ರೂ ಎದ್ದು, ತಿಂಡಿ ತಿಂದು, ಎರಡು ಮೂರು ಗಂಟೆ ಡ್ರೈವ್ ಮಾಡಿ ಹೋದ್ರೆ ನಡು ಮಧ್ಯಾಹ್ನ. ಸೂರ್ಯ ನೆತ್ತಿ ಮೇಲೆ, ನೆರಳೆಲ್ಲ ಕಲ್ಲಿನ ಕಾಲ ಕೆಳಗೆ ಸೇರ್ಕೊಂಡಿರತ್ತೆ, ಏರು ತಗ್ಗು ಕಾಣಲ್ಲ. ಎಷ್ಟು ಸಾವಿರ ಡಾಲರ್ ಕ್ಯಾಮೆರಾ ಇದ್ರೂ ಅದೇ ಸಪ್ಪೆ ಬಂಡೆ.

ಇದಕ್ಕೆ ಎಲ್ರೂ ಹೇಳೋ ಪರಿಹಾರ, ಸೂರ್ಯೋದಯ ಸೂರ್ಯಾಸ್ತದಲ್ಲಿ ಮಾತ್ರ ತೆಗೀರಿ ಅಂತ. ಇದು ಅರ್ಧ ಸತ್ಯ, ಕ್ಯಾನ್ಯನ್ ವಿಷ್ಯದಲ್ಲಂತೂ ಇದನ್ನ ನಂಬಿ ಕೆಟ್ಟೋರು ತುಂಬಾ ಜನ. ಒಂದೊಂದು ಜಾಗಕ್ಕೆ ಒಂದೊಂದು ಹೊತ್ತು. ಅಪ್ಪರ್ ಆಂಟಿಲೋಪ್‌ಗೆ ಬೆಳಗ್ಗೆ ಆರಕ್ಕೆ ಹೋಗಿ ಏನೂ ಪ್ರಯೋಜನ ಇಲ್ಲ, ಮೇಲಿಂದ ನೇರ ಬೀಳೋ ಬೆಳಕಿನ ಕೋಲು ಬೇಕು ಅಂದ್ರೆ ಬೇಸಿಗೆ ತಿಂಗಳುಗಳಲ್ಲಿ ನಡು ಮಧ್ಯಾಹ್ನಾನೇ ಆಗ್ಬೇಕು. ಹಾರ್ಸ್‌ಶೂ ಬೆಂಡ್‌ನಲ್ಲಿ ನೀವು ನಿಲ್ಲೋದು ಪಶ್ಚಿಮಕ್ಕೆ ಮುಖ ಮಾಡಿ, ಬೆಳಗ್ಗೆ ಬೇಗ ಹೋದ್ರೆ ನಿಮ್ಮ ಹಿಂದಿನ ಬಂಡೆಯ ನೆರಳೇ ಕೆಳಗಿನ ಕೊಲೊರಾಡೋ ನದಿ ಮೇಲೆ ಕಪ್ಪಗೆ ಬಿದ್ದಿರತ್ತೆ, ಹತ್ತು ಹನ್ನೊಂದು ಗಂಟೆ ಹೊತ್ತಿಗೆ ಅದು ಸರಿದು ನೀರಿನ ಹಸಿರು ಬಣ್ಣ ಪೂರ್ತಿ ಕಾಣತ್ತೆ. ಸಂಜೆ ಹೋದ್ರೆ ಸೂರ್ಯ ನೇರ ಲೆನ್ಸ್ ಒಳಗೆ, ಆಕಾಶ ಚಂದ, ತಳ ಕತ್ತಲು, ಎರಡನ್ನೂ ಹಿಡಿಯೋಕೆ ಬ್ರ್ಯಾಕೆಟಿಂಗ್, ಅಂದ್ರೆ ಒಂದೇ ದೃಶ್ಯವನ್ನ ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ತೆಗೆದು ಸೇರಿಸೋದು, ಮಾಡ್ಬೇಕಾಗತ್ತೆ. ಬ್ರೈಸ್‌ಗೆ ಮಾತ್ರ ಸೂರ್ಯೋದಯ ಬಿಡ್ಲೇಬಾರ್ದು. ಅಲ್ಲಿ ಸಾಲು ಸಾಲಾಗಿ ನಿಂತಿರೋ ಕಲ್ಲಿನ ಕಂಬಗಳಲ್ಲಿ ಒಂದರ ಮೇಲೆ ಬಿದ್ದ ಬೆಳಕು ಪಕ್ಕದ್ದಕ್ಕೆ ಪುಟಿದು, ಒಳಗೆ ದೀಪ ಹಚ್ಚಿಟ್ಟ ಹಾಗೆ ಕೆಂಪಗೆ ಹೊಳೀತಾವೆ. ಎತ್ತರ ಎಂಟು ಸಾವಿರ ಅಡಿ ಮೇಲೆ, ಮರುಭೂಮಿ ಅಂತ ಟೀ ಶರ್ಟಲ್ಲಿ ಹೋದ್ರೆ ಜುಲೈ ಬೆಳಗಿನ ಜಾವದಲ್ಲೂ ನಡುಗ್ತೀರಿ, ಜಾಕೆಟ್ ಇರ್ಲಿ.

ಆಂಟಿಲೋಪ್ ಒಳಗಿನ ಬಣ್ಣದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಅತಿ ಹೆಚ್ಚು ಜನ ಎಡವೋದು ಅಲ್ಲೇ, ಅದೂ ಅಲ್ದೆ ನನಗೆ ಎಷ್ಟು ಸಲ ಹೋದ್ರೂ ಮೈ ಜುಮ್ ಅನ್ನಿಸೋ ಜಾಗ ಅದು. ಒಳಗೆ ಹೋಗಿ ಕಣ್ಣು ಹೊಂದಿಕೊಳ್ಳೋಕೆ ಒಂದು ನಿಮಿಷ ಕೊಡಿ. ಮೇಲಿನ ಸೀಳಿನ ಹತ್ರ ಗೋಡೆ ಹಳದಿ, ಸ್ವಲ್ಪ ಕೆಳಗೆ ಕಿತ್ತಳೆ, ಇನ್ನೂ ಕೆಳಗೆ ಕೆಂಪು, ಕಾಲ ಹತ್ರ ನೇರಳೆ. ಕಲ್ಲು ಒಂದೇ, ನವಾಹೋ ಸ್ಯಾಂಡ್‌ಸ್ಟೋನ್, ಜುರಾಸಿಕ್ ಕಾಲದ ಮರಳು ದಿಬ್ಬ ಗಟ್ಟಿಯಾಗಿದ್ದು, ಮರಳಿನ ಕಾಳಿಗೆ ಕಬ್ಬಿಣದ ತುಕ್ಕು ಅಂಟಿರೋದ್ರಿಂದ ಕೆಂಪು. ಬಣ್ಣ ಇಷ್ಟೊಂದು ಥರ ಆಗೋದು ಬೆಳಕಿನಿಂದ. ಮೇಲೆ ಬಿದ್ದ ಬಿಸಿಲು ಒಂದು ಗೋಡೆಗೆ ತಾಗಿ ಇನ್ನೊಂದಕ್ಕೆ ಪುಟಿಯೋವಾಗ ಪ್ರತಿ ಸಲಾನೂ ಆ ಕೆಂಪನ್ನ ಇನ್ನಷ್ಟು ಹೊತ್ಕೊಂಡು ಬರತ್ತೆ, ತಳದಲ್ಲಿ ಬಿಸಿಲು ಕಮ್ಮಿಯಾಗಿ ಆಕಾಶದ ನೀಲಿ ಸೇರ್ಕೊಂಡು ನೇರಳೆ ಆಗತ್ತೆ. ಈಗ ನಿಮ್ಮ ಕ್ಯಾಮೆರಾ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿದ್ರೆ (ಬಣ್ಣವನ್ನ ಕ್ಯಾಮೆರಾನೇ ಸರಿದೂಗಿಸೋ ಸೆಟ್ಟಿಂಗ್) ಏನ್ಮಾಡತ್ತೆ, ಎಲ್ಲ ತುಂಬಾ ಕೆಂಪಿದೆಯಲ್ಲ, ಇದೇನೋ ತಪ್ಪು ಅಂದ್ಕೊಂಡು ಕೆಂಪನ್ನ ತೆಗೆದುಹಾಕತ್ತೆ. ನಿಮ್ಮ ಕಂದು ಕಲ್ಲಿನ ಅರ್ಧ ಕಥೆ ಇದೇ ಇರ್ಬಹುದು. ರಾ ಫಾರ್ಮ್ಯಾಟ್‌ನಲ್ಲಿ (ಆಮೇಲೆ ಬಣ್ಣ ತಿದ್ದೋಕೆ ಸುಲಭ ಆಗೋ ಕಚ್ಚಾ ಫೈಲ್) ತೆಗೀರಿ, ವೈಟ್ ಬ್ಯಾಲೆನ್ಸ್ ಡೇಲೈಟ್ ಅಥವಾ ಕ್ಲೌಡಿಗೆ ಕಟ್ಟಿಹಾಕಿ, ಫ್ರೇಮ್ ಒಳಗೆ ಆಕಾಶದ ತುಂಡು ಬರದ ಹಾಗೆ ನೋಡ್ಕೊಳ್ಳಿ. ಆಕಾಶ ಬಂತು ಅಂದ್ರೆ ಅದು ಬಿಳಿ ತೂತಾಗಿ ಕಣ್ಣನ್ನೆಲ್ಲ ಅಲ್ಲಿಗೇ ಎಳ್ಕೊಳ್ಳತ್ತೆ. ಈಗ ಟ್ರೈಪಾಡೂ ಬಿಡಲ್ಲ, ಬ್ಯಾಗೂ ಬಿಡಲ್ಲ, ಹಿಂದಿನಿಂದ ಜನ ಬರ್ತಾನೇ ಇರ್ತಾರೆ, ಹಾಗಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 800ರಿಂದ 1600ಕ್ಕೆ ಏರ್ಸೋಕೆ ಹೆದರ್ಬೇಡಿ, ಬೆನ್ನನ್ನ ಗೋಡೆ ಪಕ್ಕ ಸ್ಥಿರ ಮಾಡ್ಕೊಂಡು, ಉಸಿರು ಬಿಟ್ಟು ಕ್ಲಿಕ್ ಮಾಡಿ. ಸ್ವಲ್ಪ ಗ್ರೇನ್ ಇರೋ ಫೋಟೋ ಮನೆಗೆ ಹೋಗಿ ಸರಿ ಮಾಡ್ಬಹುದು, ಅಲ್ಲಾಡಿದ ಫೋಟೋಗೆ ಔಷಧಿ ಇಲ್ಲ.

ಅದ್ರೊಳಗೆ ಲೆನ್ಸ್ ಮಾತ್ರ ಬದಲಾಯಿಸ್ಬೇಡಿ. ಮೇಲಿಂದ ಹಿಟ್ಟಿನಂಥ ಮರಳು ಸದಾ ಉದುರ್ತಾ ಇರತ್ತೆ. ನನ್ನ ಜತೆ ಬಂದಿದ್ದ ಒಬ್ಬರು ಇನ್ನೂ ಒಂದೇ ಒಂದು ಶಾಟ್ ಅಂತ ಒಳಗೇ ಲೆನ್ಸ್ ಬಿಚ್ಚಿದ್ರು, ಸಂಜೆ ಹೊತ್ತಿಗೆ ಝೂಮ್ ರಿಂಗ್ ತಿರುಗಿಸಿದ್ರೆ ರಾಗಿ ಬೀಸೋ ಕಲ್ಲಿನ ಸದ್ದು. ಮರಳು ಕೂತಿದ್ದಾಗ ಬಟ್ಟೇಲಿ ಒರೆಸಿದ್ರೆ ಗೀರು ಗ್ಯಾರಂಟಿ, ಮೊದ್ಲು ಗಾಳಿ ಊದೋ ರಬ್ಬರ್ ಬ್ಲೋವರ್ ಅಥವಾ ಮೆತ್ತನೆ ಬ್ರಷ್, ಆಮೇಲೆ ಬಟ್ಟೆ.

ಪೋಲರೈಸರ್ (ಲೆನ್ಸ್ ಮುಂದೆ ಹಾಕೋ, ಹೊಳಪು ಕಳೆಯೋ ಫಿಲ್ಟರ್) ಹಾಕಿದ್ರೆ ಆಕಾಶ ನೀಲಿ ಬರತ್ತೆ ಅಂತ ಎಲ್ಲ ಕಡೆ ಹಾಕ್ಕೊಂಡೇ ಓಡಾಡೋರಿದಾರೆ. ತುಂಬಾ ವೈಡ್ ಲೆನ್ಸಿಗೆ ಹಾಕಿದ್ರೆ ಆಕಾಶ ಒಂದು ಕಡೆ ಕಡು ನೀಲಿ, ಇನ್ನೊಂದು ಕಡೆ ಬಿಳಿ, ಅದನ್ನ ಸರಿ ಮಾಡೋದು ಕಷ್ಟ. ನ್ಯಾರೋಸ್‌ನಲ್ಲಿ ಒದ್ದೆ ಕಲ್ಲಿನ ಹೊಳಪು ಕಳೆಯೋಕೆ ಹಾಕಿ, ಅಲ್ಲಿ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಎಲ್ರೂ ವೈಡ್ ಲೆನ್ಸ್ ತರ್ತಾರೆ, ನನ್ನ ಅನುಭವದಲ್ಲಿ ಅಲ್ಲಿ ಹೆಚ್ಚು ಕೆಲಸಕ್ಕೆ ಬರೋದು 70-200, ಅಂದ್ರೆ ದೂರದ್ದನ್ನ ಹತ್ರ ತರೋ ಝೂಮ್ ಲೆನ್ಸ್. ಅಷ್ಟು ದೊಡ್ಡದನ್ನ ಒಂದೇ ಫ್ರೇಮಿಗೆ ತುರುಕಿದ್ರೆ ಅದು ಚಿಕ್ಕದಾಗಿ ಕಾಣತ್ತೆ, ಒಂದರ ಹಿಂದೆ ಒಂದು ಇರೋ ಬೆಟ್ಟದ ಪದರಗಳಲ್ಲಿ ನಾಲ್ಕನ್ನ ಆರಿಸಿ ತೆಗೆದ್ರೆ ಅದರ ಆಳ ಗೊತ್ತಾಗತ್ತೆ.

ಇನ್ನು ಜಗಳದ ವಿಷ್ಯ. ನೀವು ಅದನ್ನ ನಡುವೆ ಒಂದು ಸಾಲಲ್ಲಿ ಬರ್ದಿದ್ದೀರಿ, ಆದ್ರೆ ನನಗೆ ಅನ್ಸೋದು ನಿಮ್ಮ ನಿಜವಾದ ಪ್ರಶ್ನೆ ಅದೇ. ಯಾರ ಸ್ವಭಾವಾನೂ ಕೆಟ್ಟದಿಲ್ಲ ಇಲ್ಲಿ. ಫೋಟೋ ತೆಗೆಯೋನಿಗೆ ಬೆಳಗ್ಗೆ ನಾಲ್ಕೂವರೆಗೆ ಹೊರಡ್ಬೇಕು, ಒಂದೇ ಜಾಗದಲ್ಲಿ ಎರಡು ಗಂಟೆ ಕಾಯ್ಬೇಕು, ಎಲ್ರೂ ಊಟಕ್ಕೆ ಕೂರೋ ಸೂರ್ಯಾಸ್ತದ ಹೊತ್ತಿಗೆ ಬೆಟ್ಟದ ಮೇಲಿರ್ಬೇಕು. ನೋಡೋಕೆ ಬಂದೋರಿಗೆ ಹತ್ತು ನಿಮಿಷ ಸಾಕು, ಆಮೇಲೆ ನೆರಳು ಬೇಕು, ಟಾಯ್ಲೆಟ್ ಬೇಕು, ಊಟ ಬೇಕು. ಎರಡೂ ನ್ಯಾಯಾನೇ. ಒಂದೇ ವ್ಯಾನ್ ಇದ್ದಾಗ ಒಬ್ಬರ ನ್ಯಾಯ ಇನ್ನೊಬ್ಬರಿಗೆ ಶಿಕ್ಷೆ ಆಗತ್ತೆ, ಮೂರನೇ ದಿನದ ಹೊತ್ತಿಗೆ ನಿದ್ದೆ ಕೆಟ್ಟು ಎಲ್ಲರ ಬಾಯೂ ಒರಟಾಗತ್ತೆ.

ಅದಕ್ಕೇ ಕ್ಯಾಮೆರಾ ದುಡ್ಡನ್ನ ಎರಡನೇ ಗಾಡಿಗೆ ಹಾಕಿ ಅಂತೀನಿ. ಒಂದು ದೊಡ್ಡ ವ್ಯಾನ್ ಬದ್ಲು ಎರಡು ಎಸ್‌ಯುವಿ, ನಾಲ್ಕು ನಾಲ್ಕು ಜನ, ಪ್ರತಿ ಗಾಡಿಗೂ ಇಬ್ಬರ ಹೆಸರು ಡ್ರೈವರ್ ಅಂತ ಬರೆಸಿರ್ಬೇಕು. ಬೆಳಗಿನ ಜಾವ ಒಂದು ಗಾಡಿ ಹೊರಡತ್ತೆ, ಇನ್ನೊಂದು ಗಾಡಿಯೋರು ನಿದ್ದೆ ಮಾಡಿ ಎದ್ದು ಹತ್ತು ಗಂಟೆಗೆ ಬಂದು ಸೇರ್ಕೊಳ್ತಾರೆ. ಖರ್ಚು ಜಾಸ್ತಿ ಆಗತ್ತೆ, ಇಲ್ಲ ಅನ್ನಲ್ಲ. ಅದರ ಇನ್ನೊಂದು ತೊಂದರೆ ಅಂದ್ರೆ ಅಲ್ಲಿ ತುಂಬಾ ಕಡೆ ಫೋನ್ ಸಿಗ್ನಲ್ ಇರಲ್ಲ, ಮೆಸೇಜ್ ಹಾಕ್ತೀನಿ ಬಿಡು ಅನ್ನೋದು ನಡೆಯಲ್ಲ. ಎಲ್ಲಿ, ಎಷ್ಟು ಗಂಟೆಗೆ, ಬರ್ಲಿಲ್ಲ ಅಂದ್ರೆ ಎಷ್ಟು ಹೊತ್ತು ಕಾಯೋದು ಅಂತ ಹಿಂದಿನ ರಾತ್ರೀನೇ ಚೀಟೀಲಿ ಬರ್ದು ಎರಡೂ ಗಾಡೀಲಿ ಇಡಿ, ಮ್ಯಾಪ್ ಆಫ್‌ಲೈನ್ ಇಳಿಸ್ಕೊಳ್ಳಿ. ನಿದ್ದೆಗಣ್ಣಲ್ಲಿ ಡ್ರೈವ್ ಮಾಡೋದು, ಕತ್ತಲಾಗೋ ಹೊತ್ತಲ್ಲಿ ರಸ್ತೆಗೆ ಅಡ್ಡ ಬರೋ ಜಿಂಕೆ, ದನ, ಇವು ಪ್ರವಾಹಕ್ಕಿಂತ ದಿನನಿತ್ಯದ ಅಪಾಯ. ಸೂರ್ಯೋದಯಕ್ಕೆ ಎದ್ದೋನು ಆ ದಿನ ಮಧ್ಯಾಹ್ನದ ಮೇಲೆ ಸ್ಟೇರಿಂಗ್ ಹಿಡೀಬಾರ್ದು, ನನ್ನ ಗ್ರೂಪಲ್ಲಿ ಇದು ಮುರಿಯೋ ಹಾಗಿಲ್ಲದ ನಿಯಮ.

ನಿಮ್ಮ ಈಗಿನ ಪ್ಲಾನ್ ಲೆಕ್ಕ ಹಾಕಿದೆ, ಪಾರ್ಕ್ ಒಳಗಿನ ಓಡಾಟ ಬಿಟ್ಟೇ ಸುಮಾರು 1,250 ಮೈಲಿ ಆಗತ್ತೆ. ಊಟಕ್ಕೆ ಕರೆದ ಹತ್ತು ಮನೆಗೂ ಹೋಗಿ ಎಲ್ಲೂ ಎಲೆ ಮುಂದೆ ಕೂರ್ದೇ ಎದ್ದು ಬಂದ ಹಾಗೆ. ಡೇಟ್ ಬದಲಾಯಿಸೋಕೆ ಆಗಲ್ಲ ಅಂದ್ರೆ ಮೋಆಬ್ ಮತ್ತೆ ಮಾನ್ಯುಮೆಂಟ್ ವ್ಯಾಲಿ ಎರಡನ್ನೂ ಬಿಡಿ. ಝಾಯನ್ ಎರಡು ರಾತ್ರಿ, ಬ್ರೈಸ್ ಒಂದು, ಪೇಜ್ ಎರಡು, ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್ (ದಕ್ಷಿಣದ ಅಂಚು) ಒಂದು, ಏಳನೇ ದಿನ ವೇಗಸ್. 800 ಮೈಲಿ ಚಿಲ್ಲರೆಗೆ ಮುಗಿಯತ್ತೆ. ಬಿಡೋಕೆ ಹೊಟ್ಟೆ ಉರಿಯತ್ತೆ, ಗೊತ್ತು, ಮಾನ್ಯುಮೆಂಟ್ ವ್ಯಾಲೀಲಿ ಸಂಜೆ ಬಿಸಿಲು ಬಿದ್ದ ಆ ಬಂಡೆಗಳನ್ನ ನೋಡಿದೋರಿಗೆ ಅದನ್ನ ಬಿಡಿ ಅಂತ ಹೇಳೋಕೇ ಮನಸ್ಸು ಬರಲ್ಲ. ಆದ್ರೆ ಪೇಜ್‌ನಲ್ಲಿ ಎರಡು ರಾತ್ರಿ ಇದ್ರೆ ಒಂದು ದಿನ ಆಂಟಿಲೋಪ್ ಟೂರ್ ಮಳೆಗೆ ಕ್ಯಾನ್ಸಲ್ ಆದ್ರೂ, ಮಾರನೇ ದಿನ ಜಾಗ ಇದ್ರೆ ನೋಡೋಕೆ ಒಂದು ಅವಕಾಶ ಉಳಿಯತ್ತೆ. ಜುಲೈನ ಅಪಾಯ ಇನ್ನೊಂದು, ಬಿಸಿಲು. ಝಾಯನ್ ಕಣಿವೇಲಿ 38 ಡಿಗ್ರಿ ಆಗೋದು ಮಾಮೂಲು, ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಗಾಡೀಲಿರ್ಬೇಕು, ಬರೀ ನೀರಲ್ಲ, ಉಪ್ಪಿನ ಅಂಶ ಇರೋ ತಿಂಡೀನೂ. ಹತ್ತರಿಂದ ನಾಲ್ಕರವರೆಗೆ ಬಯಲಲ್ಲಿ ನಡೆಯೋ ಪ್ಲಾನ್ ಬೇಡ. ಜುಲೈಗೆ ಒಂದು ಲಾಭಾನೂ ಇದೆ, ಮಾನ್ಸೂನ್ ಮೋಡ. ಸೌತ್ ರಿಮ್ ಮೇಲೆ ನಿಂತು, ಕ್ಯಾನ್ಯನ್ ಆಚೆ ದಡದಲ್ಲಿ ಮಳೆ ಪರದೆ ಇಳಿಯೋದು, ಅದರ ಪಕ್ಕದಲ್ಲೇ ಒಂದು ಬಂಡೆಗೆ ಮಾತ್ರ ಬಿಸಿಲು ಬೀಳೋದು ಕ್ಲಿಯರ್ ಆಕಾಶದ ದಿನ ಸಿಗೋದೇ ಇಲ್ಲ. ಆದ್ರೆ ಗುಡುಗು ಕೇಳಿಸ್ತು ಅಂದ್ರೆ ಅಂಚು ಬಿಟ್ಟು, ಕಬ್ಬಿಣದ ಕಂಬಿ ಬಿಟ್ಟು, ಟ್ರೈಪಾಡ್ ಹಿಡ್ಕೊಂಡು ನಿಲ್ದೆ ಸೀದಾ ಕಾರೊಳಗೆ.

ಡೇಟ್ ಬದಲಾಯಿಸೋಕೆ ಆಗತ್ತೆ ಅಂದ್ರೆ ಅಕ್ಟೋಬರ್ ಎರಡನೇ ಮೂರನೇ ವಾರಕ್ಕೆ ಹಾಕಿ, ನನ್ನ ಆಯ್ಕೆ ಅದೇ. ಮಾನ್ಸೂನ್ ಮುಗಿದಿರತ್ತೆ, ಬಿಸಿಲು ತಣ್ಣಗೆ, ಸೂರ್ಯ ದಿನವಿಡೀ ಸ್ವಲ್ಪ ಓರೆಯಾಗೇ ಇರೋದ್ರಿಂದ ನೆರಳೂ ಚೆನ್ನಾಗಿ ಬೀಳತ್ತೆ. ಕಳ್ಕೊಳ್ಳೋದು ಏನಂದ್ರೆ ಅಪ್ಪರ್ ಆಂಟಿಲೋಪ್‌ನ ಆ ನೇರ ಬೆಳಕಿನ ಕೋಲು ಅಷ್ಟೊತ್ತಿಗೆ ಮುಗಿದಿರತ್ತೆ, ಹಗಲು ಚಿಕ್ಕದು, ಬ್ರೈಸ್‌ನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗತ್ತೆ. ಬೆಳಕಿನ ಕೋಲು ಇಲ್ದೆ ಇದ್ರೂ ಗೋಡೆ ಬಣ್ಣ ಎಲ್ಲೂ ಹೋಗಲ್ಲ, ಜನಾನೂ ಕಮ್ಮಿ. ದ ವೇವ್ ಅಂತ ಆ ಪಟ್ಟೆ ಪಟ್ಟೆ ಬಂಡೆ ನೋಡ್ಬೇಕು ಅಂತ ಯಾರಾದ್ರೂ ಆಸೆ ಇಟ್ಕೊಂಡಿದ್ರೆ, ಅದು ಲಾಟರಿ, ದಿನಕ್ಕೆ 64 ಜನಕ್ಕಿಂತ ಹೆಚ್ಚು ಬಿಡಲ್ಲ, ಒಂದು ಗ್ರೂಪಲ್ಲಿ ಆರು ಜನಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಎಂಟು ಜನ ಒಟ್ಟಿಗೆ ಹೋಗೋಕೇ ಆಗಲ್ಲ, ಅದನ್ನ ನಂಬ್ಕೊಂಡು ಪ್ಲಾನ್ ಕಟ್ಬೇಡಿ.

ಚಿಕ್ಕ ಚಿಕ್ಕದು ಇನ್ನೊಂದೆರಡು. ಡ್ರೋನ್ ಮನೇಲೇ ಬಿಡಿ, ನ್ಯಾಷನಲ್ ಪಾರ್ಕ್‌ಗಳಲ್ಲಿ 2014ರಿಂದ ನಿಷೇಧ, ನವಾಹೋ ಪಾರ್ಕ್‌ಗಳಲ್ಲೂ ಬಿಡಲ್ಲ. ನ್ಯಾಷನಲ್ ಪಾರ್ಕ್ ಪಾಸ್ ನವಾಹೋ ನೆಲದಲ್ಲಿ ನಡೆಯಲ್ಲ, ಅಲ್ಲಿ ಬೇರೆ ಟಿಕೆಟ್. ಅಲ್ಲಿನ ಜನರ ಫೋಟೋ ಕೇಳ್ದೆ ತೆಗೀಬೇಡಿ, ಮದ್ಯಾನೂ ಅವರ ನೆಲದಲ್ಲಿ ನಿಷೇಧ, ಗಾಡೀಲಿ ಇಟ್ಕೊಂಡು ಹೋಗ್ಬೇಡಿ. ದಾರಿ ಬಿಟ್ಟು ಕೆಳಗಿಳಿದಾಗ ಮರಳಿನ ಮೇಲೆ ಕಪ್ಪಗೆ, ಸುಟ್ಟ ರೊಟ್ಟಿ ಹೊಪ್ಪಳೆ ಥರ ಉಬ್ಬುಬ್ಬಾಗಿ ಇರೋ ನೆಲ ಕಾಣತ್ತೆ, ಅದು ಜೀವ ಇರೋ ಮಣ್ಣು, ಬ್ಯಾಕ್ಟೀರಿಯಾ, ಪಾಚಿ, ಕಲ್ಲುಹೂವು ಎಲ್ಲ ಸೇರಿ ಮರಳನ್ನ ಹಿಡಿದಿಟ್ಟಿರೋದು. ಒಂದು ಹೆಜ್ಜೆ ಇಟ್ರೆ ಮತ್ತೆ ಬೆಳೆಯೋಕೆ ದಶಕಗಳೇ ಬೇಕು. ಒಳ್ಳೇ ಆ್ಯಂಗಲ್ ಆ ಕಡೆನೇ ಇದ್ರೂ ಬೇಡ, ಬಂಡೆ ಮೇಲೋ ಹಳ್ಳದ ಬರೀ ಮರಳಿನ ಮೇಲೋ ಕಾಲಿಡಿ.

ಕೊನೇದಾಗಿ, ಪೇಜ್‌ನಲ್ಲಿ ಗಡಿಯಾರದ ಬಗ್ಗೆ ಹುಷಾರು. ಅರಿಜೋನಾದಲ್ಲಿ ಬೇಸಿಗೆ ಅಂತ ಗಂಟೆ ಮುಂದೆ ಮಾಡಲ್ಲ, ಆದ್ರೆ ಪಕ್ಕದ ಯೂಟಾದಲ್ಲಿ ಮಾಡ್ತಾರೆ, ನವಾಹೋ ನೆಲದಲ್ಲೂ ಮಾಡ್ತಾರೆ. ಪೇಜ್ ಇರೋದು ಅರಿಜೋನಾದಲ್ಲೇ, ಆದ್ರೆ ಈ ಎರಡರ ಅಂಚಲ್ಲಿ, ನಿಮ್ಮ ಫೋನ್ ಯಾವ ಟವರ್ ಹಿಡಿಯತ್ತೋ ಆ ಟೈಮ್ ತೋರ್ಸತ್ತೆ, ಒಂದೇ ರೂಮಲ್ಲಿ ಇಬ್ಬರ ಫೋನಲ್ಲಿ ಒಂದು ಗಂಟೆ ವ್ಯತ್ಯಾಸ ಇರೋದನ್ನ ನಾನೇ ನೋಡಿದ್ದೀನಿ. ಆಂಟಿಲೋಪ್ ಟೂರ್‌ಗಳು ಪೇಜ್ ಟೈಮ್ ಪ್ರಕಾರ ನಡೀತಾವೆ. ಜುಲೈ ಆಗ್ಲಿ ಅಕ್ಟೋಬರ್ ಆಗ್ಲಿ ಅದು ವೇಗಸ್ ಟೈಮೇ, ಹಾಗಾಗಿ ಹೊರಡೋ ದಿನ ವೇಗಸ್‌ನಲ್ಲಿ ಒಂದು ಮಾಮೂಲಿ ಕೈಗಡಿಯಾರಕ್ಕೆ ಟೈಮ್ ಸೆಟ್ ಮಾಡಿ ಯಾರಾದ್ರೂ ಒಬ್ಬರು ಕಟ್ಕೊಳ್ಳಿ, ಪೇಜ್‌ನಲ್ಲಿ ಇರೋ ಎರಡು ದಿನ ಎಂಟೂ ಜನ ಆ ಗಡಿಯಾರವನ್ನೇ ನಂಬಿ.